ಗ್ರೀಸ್ ಹೇಳುವ ಆಯಸ್ಸು

ಕಾರು ಕಾರ್ಖಾನೆಯ ರೋಬಾಟ್ ಕೆಟ್ಟೇ ಹೊರಬೀಳಬೇಕೆಂದಿಲ್ಲ. ಕಾರಿನ ಮಾದರಿ ಬದಲಾದಾಗ ಬಾಡಿ ಜೋಡಿಸುವ ಸಾಲನ್ನೇ ಕಿತ್ತು ಹೊಸದಾಗಿ ಕಟ್ಟುತ್ತಾರೆ. ಸ್ಪಾಟ್ ವೆಲ್ಡಿಂಗ್ ಮಾಡುತ್ತಿದ್ದ, ಟನ್ನಿನಷ್ಟು ತೂಗುವ ತೋಳುಗಳೂ ಆಗ ಕೆಲಸ ಕಳೆದುಕೊಳ್ಳುತ್ತವೆ. ಪಿಂಪ್ರಿ, ಆಕುರ್ಡಿ, ಚಾಕಣ್ ಎಂದು ಪುಣೆಯ ಸುತ್ತ ವಾಹನ ಕಾರ್ಖಾನೆಗಳ ಸಾಲೇ ಇದೆ; ಪಕ್ಕದ ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪುಗಳು. ಇಂಥ ಸಣ್ಣ ವರ್ಕ್‌ಶಾಪಿನವರಿಗೆಂದೇ ಟಾಟಾ ಬಳಗದ ಟಾಲ್ ಸಂಸ್ಥೆ ಪುಣೆಯಿಂದ 2017ರಲ್ಲಿ ಬ್ರಾಬೊ ಎಂಬ ರೋಬಾಟನ್ನು ಮಾರುಕಟ್ಟೆಗೆ ತಂದಿತ್ತು. ಆಗಿನ ಬೆಲೆ 5ರಿಂದ 7 ಲಕ್ಷ ರೂಪಾಯಿ, ಎತ್ತುವ ಭಾರ 10 ಕಿಲೋವರೆಗೆ. 165 ಕಿಲೋ ಎತ್ತುವ ತೋಳು ಬೇಕಾದವನು ಏನು ಮಾಡಬೇಕು? ಹಳೆಯದನ್ನು ಹುಡುಕಬೇಕು, ಅದನ್ನು ಬಿಚ್ಚಿ ನೋಡಬಲ್ಲವರನ್ನೂ ಹುಡುಕಬೇಕು.

ಬಲ್ಲವರು ಮೊದಲು ಕೈ ಹಾಕುವುದು ಗ್ರೀಸಿಗೆ. ಆರು ಕೀಲುಗಳ ಗೇರ್‌ಬಾಕ್ಸಿನಿಂದ ಹಳೆಯ ಗ್ರೀಸ್ ತೆಗೆದು, ಅದರಲ್ಲಿ ಕಬ್ಬಿಣದ ಪುಡಿ ಎಷ್ಟಿದೆ ಎಂದು ಪರೀಕ್ಷಿಸುತ್ತಾರೆ. ಪುಡಿ ಹೆಚ್ಚಿದ್ದರೆ ಒಳಗೆ ಸವೆತ ಜೋರಾಗಿದೆ ಎಂದೇ ಲೆಕ್ಕ. ರೋಬಾಟ್ ತಯಾರಕ ಫ್ಯಾನಕ್‌ನ ಅನೇಕ ಮಾದರಿಗಳಿಗೆ ಮೂರು ವರ್ಷ ಅಥವಾ 11,520 ಗಂಟೆಗೊಮ್ಮೆ ಗ್ರೀಸ್ ಬದಲಿಸಬೇಕು. ಹಿಂದಿನ ಒಡೆಯ ಬದಲಿಸಿದ್ದನೇ ಇಲ್ಲವೇ ಎಂಬುದೂ ಇಲ್ಲೇ ಬಯಲಾಗುತ್ತದೆ. ಆಮೇಲೆ ಡಯಲ್ ಗೇಜ್ ಇಟ್ಟು ತೋಳನ್ನು ಅಲುಗಾಡಿಸಿ ‘ಪ್ಲೇ’, ಅಂದರೆ ಕೀಲಿನ ಸಡಿಲ, ಎಷ್ಟೆಂದು ಅಳೆಯುತ್ತಾರೆ. ವಿದ್ಯುತ್ ಕಡಿದಾಗ ತೋಳು ಜಾರದಂತೆ ಬ್ರೇಕ್ ಹಿಡಿಯುತ್ತದೆಯೇ ಎಂದೂ ನೋಡುತ್ತಾರೆ.

ನನಗೆ ಅತಿ ನಾಜೂಕಿನ ಕೆಲಸವೆನಿಸುವುದು ಮಾಸ್ಟರಿಂಗ್. ಪ್ರತಿ ಕೀಲು ಎಷ್ಟು ತಿರುಗಿದೆ ಎಂಬ ನೆನಪನ್ನು ಬಹುಪಾಲು ರೋಬಾಟ್‌ಗಳಲ್ಲಿ ಪುಟ್ಟ ಬ್ಯಾಟರಿಗಳು ಕಾಯುತ್ತವೆ. ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಬ್ಯಾಟರಿ ಸತ್ತು, ನೆನಪೂ ಅಳಿದಿರುತ್ತದೆ. ಕೀಲುಗಳ ಮೇಲಿನ ಗುರುತುಗಳನ್ನು ಹೊಂದಿಸಿ ಶೂನ್ಯ ಸ್ಥಾನವನ್ನು ಮತ್ತೆ ಕಲಿಸಬೇಕು. ಬುಡದ ಕೀಲಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ, ಎರಡು ಮೀಟರ್ ಆಚೆಯ ತುದಿಯಲ್ಲಿ ವೆಲ್ಡಿಂಗ್ ಬೇರೆಡೆ ಬೀಳುತ್ತದೆ.

ತೋಳು ಗಟ್ಟಿಮುಟ್ಟಾಗಿದ್ದು, ಅದನ್ನು ನಡೆಸುವ ಕಂಟ್ರೋಲರ್ ಮುದಿಯಾಗಿರುವುದೂ ಉಂಟು. ಕೂಕಾ ಕಂಪನಿಯ ಹಳೆಯ ಕೆಲವು ಕಂಟ್ರೋಲರ್‌ಗಳು ವಿಂಡೋಸ್ 95ರ ಮೇಲೆ ನಡೆಯುತ್ತಿದ್ದವು. ಅವಕ್ಕೆ ಬೋರ್ಡ್, ಕೈಯಲ್ಲಿ ಹಿಡಿದು ರೋಬಾಟ್ ನಡೆಸುವ ಪೆಂಡೆಂಟ್ ಹೊಂದಿಸುವುದೇ ಪರದಾಟ. ಜಪಾನಿನಿಂದ ಬಂದದ್ದಾದರೆ ನಮ್ಮ 415 ವೋಲ್ಟನ್ನು ಇಳಿಸಲು ಟ್ರಾನ್ಸ್‌ಫಾರ್ಮರ್ ಬೇಕಾಗಬಹುದು.

ಹೊಸ ಹಳದಿ ಬಣ್ಣ ಬಳಿದು ಮಾರುವುದು ಸುಲಭ. ಕೊಳ್ಳುವವರು ಗ್ರೀಸಿನ ವರದಿ, ಕೀಲುಗಳ ‘ಪ್ಲೇ’ ಅಳತೆ, ಕಂಟ್ರೋಲರಿನ ಬ್ಯಾಕಪ್ ಈ ಮೂರನ್ನೂ ಕೈಗೆ ತೆಗೆದುಕೊಂಡೇ ಹಣ ಕೊಡಬೇಕು. ಸುತ್ತ ಬೇಲಿ ಹಾಕಿ, ಗೇಟು ತೆರೆದರೆ ತೋಳು ನಿಲ್ಲುವ ಇಂಟರ್‌ಲಾಕ್ ಕೂಡಿಸುವ ಖರ್ಚನ್ನೂ ಮೊದಲೇ ಸೇರಿಸಿಕೊಳ್ಳಬೇಕು. ಹಳೆಯ ತೋಳಿನ ಹೊಡೆತ ಹೊಸದರಷ್ಟೇ ಬಲವಾದದ್ದು.