ಕರಾವಳಿಯ ಮನೆಯಲ್ಲಿ ರಾಸ್‌ಬೆರಿ ಪೈ: ವಿಜ್ಞಾನಕ್ಕೊಂದು ಅಳಿಲು ಸೇವೆ

ಒಂದು ದೊಡ್ಡ ಲೆಕ್ಕವನ್ನು ಸಾವಿರಾರು ತುಣುಕು ಮಾಡಿ, ಇಂಟರ್ನೆಟ್ ಮೂಲಕ ಮನೆಮನೆಯ ಕಂಪ್ಯೂಟರುಗಳಿಗೆ ಹಂಚಿ, ಉತ್ತರಗಳನ್ನು ಮತ್ತೆ ಒಟ್ಟುಗೂಡಿಸುವ ಪದ್ಧತಿಯೇ ಸ್ವಯಂಸೇವಾ ಗಣನೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ 1999ರ ಮೇ ತಿಂಗಳಲ್ಲಿ ಆರಂಭಿಸಿದ ಸೆಟಿ ಅಟ್ ಹೋಮ್ ಇದನ್ನು ಜನಪ್ರಿಯಗೊಳಿಸಿತು. ಅದು 2020ರ ಮಾರ್ಚಿನಲ್ಲಿ ಕೆಲಸ ಹಂಚುವುದನ್ನು ನಿಲ್ಲಿಸಿತು. ಬರ್ಕ್ಲಿಯಲ್ಲೇ ರೂಪುಗೊಂಡ ಬೋಯಿಂಕ್ ತಂತ್ರಾಂಶ ಮಾತ್ರ ಬೇರೆ ಯೋಜನೆಗಳಿಗೆ ಆಧಾರವಾಗಿ ಉಳಿಯಿತು. ಅಂಥದ್ದೊಂದು ಐನ್‌ಸ್ಟೈನ್ ಅಟ್ ಹೋಮ್. ಅರೆಸಿಬೊ ದೂರದರ್ಶಕದ ದತ್ತಾಂಶದಲ್ಲಿ ಅಡಗಿದ್ದ ಒಂದು ಪಲ್ಸಾರ್ ನಕ್ಷತ್ರವನ್ನು ಸ್ವಯಂಸೇವಕರ ಕಂಪ್ಯೂಟರುಗಳು ಪತ್ತೆಹಚ್ಚಿದ್ದು 2010ರಲ್ಲಿ ಪ್ರಕಟವಾಯಿತು.

ಈ ಕೆಲಸಕ್ಕೆ ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ ಕೂಡ ಒದಗುತ್ತದೆ. ಪೈ 4 ಪೂರ್ತಿ ದುಡಿಯುವಾಗ ಸುಮಾರು 7 ವ್ಯಾಟ್ ಎಳೆಯುತ್ತದೆ. ಹಗಲೂ ರಾತ್ರಿ ಉರಿದರೂ ಮೆಸ್ಕಾಂ ವಿದ್ಯುತ್ ಬಿಲ್ಲಿಗೆ ಸೇರುವುದು ತಿಂಗಳಿಗೆ 5 ಯೂನಿಟ್ ಆಸುಪಾಸು. ಒಂದು ತುಣುಕು ಮುಗಿಸಲು ಡೆಸ್ಕ್‌ಟಾಪಿಗಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಪೈಯ ಬಲವಿರುವುದು ವೇಗದಲ್ಲಲ್ಲ, ಬಿಡದೆ ದುಡಿಯುವುದರಲ್ಲಿ.

ಮೊದಲು ಮೈಕ್ರೊಎಸ್‌ಡಿ ಕಾರ್ಡಿಗೆ 64 ಬಿಟ್‌ನ ರಾಸ್‌ಬೆರಿ ಪೈ ಓಎಸ್ ಬರೆಯಬೇಕು. ವೈಫೈ ಪಾಸ್‌ವರ್ಡನ್ನು ಆಗಲೇ ತುಂಬಿಸಿ ಎಸ್‌ಎಸ್‌ಎಚ್ ಚಾಲೂ ಮಾಡಿದರೆ ಪೈಗೆ ಮಾನಿಟರ್, ಕೀಬೋರ್ಡ್ ಬೇಕಿಲ್ಲ. ಬಳಿಕ ಬೋಯಿಂಕ್ ಕ್ಲೈಂಟ್ ಅನ್ನು ಇನ್‌ಸ್ಟಾಲ್ ಮಾಡಿ, ಆಯ್ದ ಯೋಜನೆಯಲ್ಲಿ ಖಾತೆ ತೆರೆದು, ಖಾತೆಯ ಕೀಲಿಯನ್ನು ಕ್ಲೈಂಟಿಗೆ ಕೊಟ್ಟರೆ ಕೆಲಸ ತಾನಾಗಿ ಇಳಿಯುತ್ತದೆ. ಎಲ್ಲ ಯೋಜನೆಗಳೂ ಆರ್ಮ್ ಪ್ರೊಸೆಸರಿಗೆ ಕೆಲಸ ಕೊಡುವುದಿಲ್ಲ. ಸೇರುವ ಮೊದಲೇ ಅದನ್ನು ನೋಡಿಕೊಳ್ಳಬೇಕು. ನಾಲ್ಕು ಕೋರ್‌ಗಳೂ ಒಟ್ಟಿಗೆ ದುಡಿದರೆ ಮೆಮೊರಿ ಸಾಲದಾಗಬಹುದು. 4 ಜಿಬಿಯ ಬೋರ್ಡ್ ಮೇಲು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹವೆಯಲ್ಲಿ ಇಷ್ಟು ಸಾಲದು. ಬೇಸಗೆಯ ಸೆಕೆಯಲ್ಲಿ ಫ್ಯಾನ್ ಇಲ್ಲದ ಪೈ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಹೀಟ್‌ಸಿಂಕ್ ಮತ್ತು ಪುಟ್ಟ ಫ್ಯಾನ್ ಬೇಕೇ ಬೇಕು. ಅದೂ ಸಾಲದಿದ್ದರೆ ಮೂರೇ ಕೋರ್ ಬಳಸುವಂತೆ ಬೋಯಿಂಕ್‌ನಲ್ಲಿ ಮಿತಿ ಹಾಕಬಹುದು. ಮರವಂತೆ, ಕೋಡಿಯಂಥ ಕಡಲಂಚಿನಲ್ಲಿ ಉಪ್ಪುಗಾಳಿಗೆ ಯುಎಸ್‌ಬಿ ಕಿಂಡಿಗಳು ತುಕ್ಕು ಹಿಡಿಯುತ್ತವೆ. ಕಡಲ ಕಡೆಯ ಕಿಟಕಿಯ ಬಳಿ ಇಡದಿರುವುದು ಒಳ್ಳೆಯದು. ಆಸಾಡಿಯ ಥಂಡಿಯಲ್ಲಿ ದುಡಿಯುತ್ತಿರುವ ಬೋರ್ಡ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ, ಆರಿಸಿಟ್ಟದ್ದಕ್ಕೇ ತೇವದ ಕಾಟ ಹೆಚ್ಚು.

ಗಾಳಿಮಳೆಗೆ ಕರೆಂಟು ಹೋಗಿ ಬಂದಾಗ ಬೋಯಿಂಕ್ ಕೊನೆಯ ಬಾರಿ ಉಳಿಸಿಟ್ಟ ಹಂತದಿಂದ ಮತ್ತೆ ಹೊರಡುತ್ತದೆ. ಹೀಗೆ ಉಳಿಸುವ ಅವಧಿ ಮೊದಲೇ 60 ಸೆಕೆಂಡಿಗೆ ನಿಗದಿಯಾಗಿರುತ್ತದೆ. ಪದೇ ಪದೇ ಬರೆದರೆ ಕಾರ್ಡ್ ಸವೆಯುವುದರಿಂದ ಅದನ್ನು 600 ಸೆಕೆಂಡಿಗೆ ಏರಿಸಬಹುದು. ಆಗ ಹತ್ತು ನಿಮಿಷದ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ದುಡಿಮೆ ನಷ್ಟವಾಗಬಹುದು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡೇ ಕೆಡಬಹುದು. ಇನ್ವರ್ಟರ್ ಇರುವ ಪ್ಲಗ್ಗಿಗೆ ಜೋಡಿಸಿದರೆ ಆ ಭಯ ಕಡಿಮೆ. ನೆಟ್ ಕೈಕೊಡುವ ಊರುಗಳಲ್ಲಿ ಒಂದೆರಡು ದಿನದ ಕೆಲಸ ಮೊದಲೇ ಇಳಿಸಿಡುವಂತೆ ಹೊಂದಿಸಬೇಕು.

ಸಿಡಿಲಿನ ಹೊತ್ತಿನಲ್ಲಿ ಅಡಾಪ್ಟರ್, ನೆಟ್‌ವರ್ಕ್ ಕೇಬಲ್ ಎರಡನ್ನೂ ಕಳಚಬೇಕು. ಹಲವು ದಿನ ನಿಲ್ಲಿಸುವುದಿದ್ದರೆ ಹೊಸ ಕೆಲಸ ಬೇಡವೆಂದು ಮೊದಲೇ ಸೂಚಿಸಿ, ಇದ್ದದ್ದನ್ನು ಮುಗಿಸಿ ಕಳುಹಿಸುವುದು ಕ್ರಮ. ಏಕೆಂದರೆ ಗಡುವು ಮೀರಿದ ತುಣುಕನ್ನು ಯೋಜನೆಯ ಸರ್ವರ್ ಇನ್ನೊಬ್ಬರ ಕಂಪ್ಯೂಟರಿಗೆ ವಹಿಸುತ್ತದೆ.