ಕಣ್ಣಿನ ಮಸೂರದಲ್ಲಿ ಪೊಟ್ಯಾಶಿಯಂನ ಕಾವಲು

ನಮ್ಮ ಕಣ್ಣಿನ ಮಸೂರದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅವೇ ಬೆಳಕಿಗೆ ಅಡ್ಡವಾಗುತ್ತಿದ್ದವು. ಆದ್ದರಿಂದ ಮಸೂರವು ತನಗೆ ಬೇಕಾದ ಆಹಾರ, ಲವಣಗಳನ್ನು ಸುತ್ತಲಿನ ತಿಳಿದ್ರವದಿಂದಲೇ ಪಡೆಯುತ್ತದೆ. ಈ ದ್ರವದಲ್ಲಿ ಸೋಡಿಯಂ ಹೇರಳ, ಪೊಟ್ಯಾಶಿಯಂ ಕಡಿಮೆ. ಮಸೂರದ ಒಳಗೆ ಮಾತ್ರ ಎಲ್ಲವೂ ತಿರುಗುಮುರುಗು. ಅಲ್ಲಿ ಪೊಟ್ಯಾಶಿಯಂ ಹೊರಗಿಗಿಂತ 20 ಪಟ್ಟಿಗೂ ಹೆಚ್ಚು!

ಇದನ್ನು ಕಾಯ್ದುಕೊಳ್ಳುವುದು ಮಸೂರದ ಮುಂಭಾಗದ ಜೀವಕೋಶಗಳಲ್ಲಿರುವ ಅತಿ ಸೂಕ್ಷ್ಮ ಪಂಪುಗಳು. ಅವು ಪ್ರತಿ ಸಲ 3 ಸೋಡಿಯಂ ಕಣಗಳನ್ನು ಹೊರದೂಡಿ 2 ಪೊಟ್ಯಾಶಿಯಂ ಕಣಗಳನ್ನು ಒಳಗೆಳೆದುಕೊಳ್ಳುತ್ತವೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇಂತಹ ಪಂಪನ್ನು ಗುರುತಿಸಿದ್ದು ಏಡಿಯ ನರದಲ್ಲಿ. 1997ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ದೊರೆಯಿತು.

ಪಂಪು ಸೋತರೆ ಸೋಡಿಯಂ ಒಳನುಗ್ಗುತ್ತದೆ, ಅದರ ಬೆನ್ನಿಗೆ ನೀರೂ ಬರುತ್ತದೆ. ಪೊಟ್ಯಾಶಿಯಂ ಸೋರಿಹೋಗುತ್ತದೆ. ಗಾಜಿನಂತಿದ್ದ ಮಸೂರ ಊದಿಕೊಂಡು ಮಬ್ಬಾಗುತ್ತದೆ. ಮಸೂರದ ಹೊರಪದರದಲ್ಲಿ ಬರುವ ಪೊರೆಯಲ್ಲಿ ವೈದ್ಯರು ಕಾಣುವುದು ಇದನ್ನೇ. ಪ್ರಾಣಿಗಳ ಮಸೂರವನ್ನು ತಣ್ಣಗಿಟ್ಟು ನೋಡಿದಾಗಲೂ ಪೊಟ್ಯಾಶಿಯಂ ಸೋರಿಹೋಯಿತು. ಮತ್ತೆ ಬೆಚ್ಚಗಾದಾಗ ಪಂಪು ಕೆಲಸ ಆರಂಭಿಸಿ ಅದನ್ನು ಒಳಗೆ ತುಂಬಿಕೊಂಡಿತು.

ಹಾಗಾದರೆ ಬಾಳೆಹಣ್ಣು, ಎಳನೀರು ಹೆಚ್ಚು ಸೇವಿಸಿದರೆ ಪೊರೆ ಕರಗೀತೇ? ಇಲ್ಲ. ಕೊರತೆ ಇರುವುದು ಊಟದಲ್ಲಲ್ಲ, ಪಂಪಿನಲ್ಲಿ. ರಕ್ತದ ಪೊಟ್ಯಾಶಿಯಂ ಮಟ್ಟವನ್ನು ಮೂತ್ರಪಿಂಡಗಳು ಹದ್ದಿನಲ್ಲಿಡುತ್ತವೆ. ಹೆಚ್ಚು ತಿಂದರೆ ಹೆಚ್ಚು ಹೊರಹೋಗುತ್ತದೆ, ಅಷ್ಟೇ. ಮೂತ್ರಪಿಂಡದ ಕಾಯಿಲೆ ಇದ್ದವರಲ್ಲಿ ಅದು ಹೊರಹೋಗದೆ ಹೃದಯದ ಬಡಿತವನ್ನೇ ನಿಲ್ಲಿಸಬಹುದು. ಸಕ್ಕರೆ ಕಾಯಿಲೆಯ ಹಿರಿಯರಿಗೆ ಪೊರೆಯೂ ಮೂತ್ರಪಿಂಡದ ತೊಂದರೆಯೂ ಒಟ್ಟಿಗೇ ಇರುವುದು ಅಪರೂಪವಲ್ಲ. ಕಣ್ಣಿಗೆ ಒಳ್ಳೆಯದೆಂದು ಅವರಿಗೆ ದಿನವೂ ಎಳನೀರು ಕುಡಿಸುವ ಪ್ರೀತಿ ಅಪಾಯಕಾರಿ.

ಸತುವಿನ ಕತೆ ಬೇರೆ. ಯಕೃತ್ತಿನಲ್ಲಿರುವ ಎ ಜೀವಸತ್ವವು ಕಣ್ಣಿಗೆ ತಲುಪಲು ಸತು ಬೇಕು. ಅದರ ತೀವ್ರ ಕೊರತೆಯಿಂದ ಇರುಳುಗಣ್ಣು ಬರಬಹುದು. ಮಾಂಸ, ಮೊಟ್ಟೆ, ಕಡಲೆ, ಕುಂಬಳ ಬೀಜಗಳಲ್ಲಿ ಸತು ಸಿಗುತ್ತದೆ. ವಯಸ್ಸಾದವರ ಅಕ್ಷಿಪಟಲ ಸವೆಯುವ ಕಾಯಿಲೆಯ ಕುರಿತು ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜೀವಸತ್ವಗಳ ಜೊತೆ ದಿನಕ್ಕೆ 80 ಮಿಲಿಗ್ರಾಂ ಸತು ಕೊಟ್ಟಾಗ ರೋಗ ಉಲ್ಬಣಿಸುವ ಸಾಧ್ಯತೆ ಸುಮಾರು ಶೇ. 25ರಷ್ಟು ತಗ್ಗಿತು. ಇಷ್ಟು ಸತು ದೇಹದ ತಾಮ್ರವನ್ನು ಕುಗ್ಗಿಸುವುದರಿಂದ ಮಾತ್ರೆಯಲ್ಲಿ ತಾಮ್ರವನ್ನೂ ಸೇರಿಸಿದ್ದರು. ಆ ಮಾತ್ರೆಗಳಿಂದಲೂ ಪೊರೆಗೆ ಪ್ರಯೋಜನ ಕಾಣಲಿಲ್ಲ.

ಪೊರೆಗೆ ಇರುವ ಮದ್ದು ಶಸ್ತ್ರಚಿಕಿತ್ಸೆ ಒಂದೇ. ಪೊರೆ ಚೆನ್ನಾಗಿ ಬಲಿಯಲಿ ಎಂದು ಕಾಯುವ ಹಳೆಯ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಹಾಗೆ ಬಿಟ್ಟ ಮಸೂರ ನೀರು ಕುಡಿದು ದಪ್ಪವಾಗಿ ಮುಂದಕ್ಕೆ ಒತ್ತಿದರೆ, ಕಣ್ಣಿನ ದ್ರವ ಹೊರಹೋಗುವ ದಾರಿ ಮುಚ್ಚಿ ಒತ್ತಡ ಏರುತ್ತದೆ. ಕಣ್ಣು ಕೆಂಪಾಗಿ, ತಲೆ ಸಿಡಿದು, ವಾಂತಿಯಾಗುತ್ತದೆ. ಆಗ ದೃಷ್ಟಿನರ ಒಮ್ಮೆ ಕೆಟ್ಟರೆ, ಆಮೇಲೆ ಪೊರೆ ತೆಗೆದರೂ ಹೋದ ದೃಷ್ಟಿ ಬರುವುದಿಲ್ಲ.