ಫೋನ್ ನನ್ನದು, ವೈಫೈ ಕಾಲೇಜಿನದು

ಪ್ರಶ್ನೆ: ಹಾಸ್ಟೆಲ್ ವೈಫೈಗೆ ನನ್ನ ಸ್ವಂತ ಮೊಬೈಲ್ ಜೋಡಿಸಿಕೊಂಡಿದ್ದೇನೆ. ನಾನು ಏನೇನು ನೋಡುತ್ತೇನೆ ಎಂಬುದು ಕಾಲೇಜಿನವರಿಗೆ ಗೊತ್ತಾಗುತ್ತದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಧ ಗೊತ್ತಾಗುತ್ತದೆ. ಅಂಚೆಯಣ್ಣನನ್ನು ನೆನೆಸಿಕೊಳ್ಳಿ: ಲಕೋಟೆಯ ಮೇಲಿನ ವಿಳಾಸ ಅವನ ಕಣ್ಣಿಗೆ ಬೀಳುತ್ತದೆ, ಒಳಗಿನ ಕಾಗದ ಬೀಳುವುದಿಲ್ಲ. ಈಗ ಬಹುತೇಕ ಜಾಲತಾಣಗಳ ವಿಳಾಸ ‘ಎಚ್‌ಟಿಟಿಪಿಎಸ್’ ಎಂದೇ ಶುರುವಾಗುತ್ತದೆ. ಕೊನೆಯ ಆ ‘ಎಸ್’ ಇದ್ದರೆ ಲಕೋಟೆಗೆ ಅಂಟು ಹಾಕಿದೆ ಎಂದರ್ಥ. ರಾತ್ರಿ 1 ಗಂಟೆಗೆ ನೀವು ಯೂಟ್ಯೂಬ್ ತೆರೆದದ್ದು, ಎಷ್ಟು ಡೇಟಾ ಖರ್ಚಾಯಿತೆಂಬುದು ಕಾಲೇಜಿನ ಸರ್ವರ್‌ನಲ್ಲಿ ದಾಖಲಾಗಬಹುದು. ಯಾವ ವಿಡಿಯೊ ನೋಡಿದಿರಿ, ವಾಟ್ಸ್‌ಆ್ಯಪ್‌ನಲ್ಲಿ ಗೆಳತಿಗೆ ಏನು ಬರೆದಿರಿ ಎಂಬುದು ಕಾಣುವುದಿಲ್ಲ.

ಈಗಿನ ಫೋನ್‌ಗಳು ನೆಟ್‌ವರ್ಕ್‌ಗೆ ತಮ್ಮ ನಿಜವಾದ ಮ್ಯಾಕ್ ವಿಳಾಸದ (ನೆಟ್‌ವರ್ಕ್ ಫೋನನ್ನು ಗುರುತಿಸುವ ಸಂಖ್ಯೆಯ) ಬದಲು ತೋರಿಕೆಯದೊಂದನ್ನು ಕೊಡುತ್ತವೆ. ಆದರೆ ನಿಮ್ಮ ಹೆಸರಿನ ಲಾಗಿನ್ ಹಾಕಿಯೇ ಒಳಬಂದಿದ್ದರೆ ಆ ಮುಸುಕಿನಿಂದ ಹೆಚ್ಚು ಪ್ರಯೋಜನವಿಲ್ಲ.

ಒಂದು ಎಚ್ಚರ: ವೈಫೈ ಬೇಕಾದರೆ ಫೋನ್‌ನಲ್ಲಿ ‘ರೂಟ್ ಸರ್ಟಿಫಿಕೇಟ್’ ಹಾಕಿಕೊಳ್ಳಿ ಎಂದರೆ ಯಾಕೆಂದು ಕೇಳಿ. ಅದು ಲಕೋಟೆ ಬಿಚ್ಚಿ ಓದಿ ಮತ್ತೆ ಅಂಟಿಸಲು ಅನುಮತಿ ಕೊಟ್ಟ ಹಾಗೆ. ತೀರಾ ಖಾಸಗಿ ಕೆಲಸಕ್ಕೆ ನಿಮ್ಮದೇ ಮೊಬೈಲ್ ಡೇಟಾ ಬಳಸಿ. ಅಲ್ಲಿಯೂ ಅಂಚೆಯಣ್ಣ ಇರುತ್ತಾನೆ. ಆದರೆ ಅವನು ನಿಮ್ಮ ವಾರ್ಡನ್ ಅಲ್ಲ!